ಓಆರ್‌ಎಸ್ ಎಂಬ ಮೂರಕ್ಷರ, ಕರುಳಿನ ಒಂದು ಬಾಗಿಲು

2025ರ ಅಕ್ಟೋಬರ್‌ನಿಂದ ಮೆಡಿಕಲ್ ಶಾಪ್‌ಗಳ ಕೌಂಟರಿನಲ್ಲಿ ಒಂದು ಗೊಂದಲ ಶುರುವಾಯಿತು. ಮಗುವಿಗೆ ಭೇದಿ ಹತ್ತಿದಾಗ ವರ್ಷಗಟ್ಟಲೆ ಕೊಂಡೊಯ್ದ ಸೇಬು, ಕಿತ್ತಳೆ ರುಚಿಯ ಟೆಟ್ರಾ ಪ್ಯಾಕ್ ‘ಓಆರ್‌ಎಸ್ ಅಲ್ಲವಂತೆ’ ಎಂಬ ಸುದ್ದಿ ಒಂದು ಕಡೆ. ಆ ಹೆಸರಿನ ಮೇಲಿನ ನಿಷೇಧಕ್ಕೆ ಕೋರ್ಟು ತಡೆ ಕೊಟ್ಟಿತು, ತಡೆ ಕೊಡಲಿಲ್ಲ ಎಂಬ ಸುದ್ದಿ ಇನ್ನೊಂದು ಕಡೆ. ಓಆರ್‌ಎಸ್ ಎಂದರೆ ಓರಲ್ ರೀಹೈಡ್ರೇಷನ್ ಸಾಲ್ಟ್ಸ್, ಭೇದಿಯಲ್ಲಿ ಮೈ ಕಳೆದುಕೊಂಡ ನೀರು, ಲವಣ ತುಂಬಲು ಕುಡಿಸುವ ಔಷಧಿ. ಉಪ್ಪು, ಸಕ್ಕರೆ, ನೀರು ಎಲ್ಲ ಇದ್ದ ಮೇಲೆ ಓಆರ್‌ಎಸ್ ಯಾಕಲ್ಲ, ಪ್ರಮಾಣ ಸ್ವಲ್ಪ ಆಚೀಚೆಯಾದರೆ ಏನಾಗುತ್ತದೆ ಎಂಬುದು ಜನರ ನ್ಯಾಯವಾದ ಪ್ರಶ್ನೆ. ಕಾನೂನು ಪುಸ್ತಕದಲ್ಲಿ ಹುಡುಕಿದರೆ ಇದಕ್ಕೆ ಉತ್ತರ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಇರುವುದು ಸಣ್ಣಕರುಳಿನ ಜೀವಕೋಶಗಳ ಪೊರೆಯಲ್ಲಿ.

ಆದೇಶದಲ್ಲಿ ಇದ್ದದ್ದೇನು

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಅಕ್ಟೋಬರ್ 14ರಂದು ಒಂದು ಆದೇಶ ಹೊರಡಿಸಿತು. ಹಣ್ಣಿನ ಪಾನೀಯ, ಕುಡಿಯಲು ಸಿದ್ಧವಿರುವ ಪಾನೀಯ ಇವುಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಬಳಸುವಂತಿಲ್ಲ. ಅದರ ಹಿಂದೆ ಮುಂದೆ ಬೇರೆ ಅಕ್ಷರ ಸೇರಿಸಿ ಟ್ರೇಡ್‌ಮಾರ್ಕ್ ಮಾಡಿಕೊಂಡಿದ್ದರೂ ಇಲ್ಲ ಎಂಬುದು ಅದರ ಸಾರ.

ಸೋಜಿಗವೆಂದರೆ, ಈ ಬಳಕೆಗೆ ಅನುಮತಿ ಕೊಟ್ಟಿದ್ದೂ ಇದೇ ಪ್ರಾಧಿಕಾರ. ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಸೂತ್ರವಲ್ಲ’ ಎಂಬ ಒಂದು ಸಾಲನ್ನು ಡಬ್ಬಿಯ ಮೇಲೆ ಹಾಕಿದರೆ ಸಾಕು ಎಂದು 2022ರ ಜುಲೈ ಮತ್ತು 2024ರ ಫೆಬ್ರವರಿಯಲ್ಲಿ ಅದು ಹೇಳಿತ್ತು. ದೊಡ್ಡ ಅಕ್ಷರದಲ್ಲಿ ಓಆರ್‌ಎಸ್ ಎಂದು ಬರೆದು, ಸಣ್ಣ ಅಕ್ಷರದಲ್ಲಿ ‘ಅಲ್ಲ’ ಎನ್ನುವ ಈ ವ್ಯವಸ್ಥೆ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಳಿಂದ ಇದರ ವಿರುದ್ಧ ಹೋರಾಡುತ್ತಿದ್ದರು. ಅಕ್ಟೋಬರ್ ಆದೇಶ ಹಳೆಯ ಎರಡೂ ಅನುಮತಿಗಳನ್ನು ಹಿಂಪಡೆಯಿತು. ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. ಒಂದು ಪ್ರಕರಣದಲ್ಲಿ ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಇನ್ನೊಂದು ಕಂಪನಿಯ ಅರ್ಜಿಯನ್ನು ಕೋರ್ಟು ಅಕ್ಟೋಬರ್ 31ರಂದು ತಳ್ಳಿಹಾಕಿತು. ಜನರಿಗೆ ಗೊಂದಲವಾದದ್ದು ಇಲ್ಲೇ: ಎರಡೂ ಸುದ್ದಿ ನಿಜ, ಪ್ರಕರಣ ಬೇರೆ ಬೇರೆ.

ನೀರು ದಾಟದ ಎಣ್ಣೆಯ ಗೋಡೆ

ಈಗ ಕರುಳಿಗೆ ಬರೋಣ. ಕರುಳಿನ ಒಳಮೈಯ ಪ್ರತಿ ಕೋಶವನ್ನೂ ಒಂದು ಪೊರೆ ಸುತ್ತುವರಿದಿದೆ. ದಪ್ಪ ಸುಮಾರು 5 ನ್ಯಾನೊಮೀಟರ್. ಅಂಥ 2 ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರ್ ಆದೀತು. ಅದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳ ಎರಡು ಸಾಲು. ಪ್ರತಿ ಅಣುವಿಗೂ ನೀರನ್ನು ಇಷ್ಟಪಡುವ ತಲೆ, ನೀರನ್ನು ಒಲ್ಲದ ಎರಡು ಬಾಲ. ಬಾಲಗಳು ಒಳಮುಖವಾಗಿ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ, ತಲೆಗಳು ಹೊರಗೂ ಒಳಗೂ ನೀರಿಗೆ ತಾಗಿರುತ್ತವೆ. ಪೊರೆಯ ನಡು ಎಂದರೆ ತೆಳುವಾದ ಎಣ್ಣೆಯ ಹಾಳೆ. ಪ್ರೋಟೀನ್‌ಗಳು ಈ ಎಣ್ಣೆಯಲ್ಲಿ ತೇಲುತ್ತ ಅತ್ತಿತ್ತ ಸರಿಯುತ್ತವೆ ಎಂಬ ಚಿತ್ರವನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಮುಂದಿಟ್ಟರು. ಶಾಲೆಯ ಪುಸ್ತಕದಲ್ಲಿ ಇವತ್ತಿಗೂ ಇರುವುದು ಅದೇ.

ಈ ಎಣ್ಣೆಯನ್ನು ಯಾರು ದಾಟಬಲ್ಲರು? ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ನಂಥ ಸಣ್ಣ, ವಿದ್ಯುದಂಶವಿಲ್ಲದ ಅಣುಗಳು ಸಲೀಸಾಗಿ ದಾಟುತ್ತವೆ. ನೀರು ನಿಧಾನವಾಗಿ ಜಿನುಗುತ್ತದೆ. ಬೇಗ ಸಾಗಬೇಕಾದ ಕಡೆ ಅದಕ್ಕೆಂದೇ ಅಕ್ವಾಪೊರಿನ್ ಎಂಬ ಕೊಳವೆಗಳಿವೆ. ಅವನ್ನು ಪತ್ತೆ ಮಾಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಆದರೆ ಉಪ್ಪು ನೀರಲ್ಲಿ ಕರಗಿದಾಗ ಹುಟ್ಟುವ ಸೋಡಿಯಂ ಅಯಾನು ವಿದ್ಯುದಂಶ ಹೊತ್ತದ್ದು, ಎಣ್ಣೆಯೊಳಗೆ ಕಾಲಿಡಲೂ ಆಗದು. ಗ್ಲೂಕೋಸ್‌ಗೆ ವಿದ್ಯುದಂಶವಿಲ್ಲ, ಆದರೆ ಗಾತ್ರ ದೊಡ್ಡದು, ಮೈತುಂಬ ನೀರಿಗೆ ಅಂಟುವ ಗುಂಪುಗಳು. ಇವೆರಡಕ್ಕೂ ಬಾಗಿಲು ಬೇಕೇ ಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನೀರನ್ನು ಎಳೆದು ಸಾಗಿಸುವ ಪಂಪು ದೇಹದಲ್ಲಿ ಎಲ್ಲೂ ಇಲ್ಲ. ಕರಗಿದ ಕಣಗಳು ಯಾವ ಕಡೆ ಹೆಚ್ಚೋ ಆ ಕಡೆಗೆ ನೀರು ತಾನಾಗಿ ಹರಿಯುತ್ತದೆ, ಅದೇ ಅಭಿಸರಣ. ಕರುಳಿನಿಂದ ರಕ್ತಕ್ಕೆ ನೀರು ಹೋಗಬೇಕಾದರೆ ಮೊದಲು ಕಣಗಳು ಹೋಗಬೇಕು. ಭೇದಿಯಲ್ಲಿ ಬರಿ ನೀರು ಕುಡಿಸಿದರೆ ಸಾಲದು ಎನ್ನುವುದು ಇದಕ್ಕೇ.

ಜೋಡಿ ಬಂದರಷ್ಟೇ ತಿರುಗುವ ಬಾಗಿಲು

ಸಣ್ಣಕರುಳಿನ ಕೋಶದ ಮೇಲ್ಭಾಗದಲ್ಲಿ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್ ಇದೆ. ಎರಡು ಸೋಡಿಯಂ ಅಯಾನು ಬಂದು ಕೂತ ಮೇಲೆ ಒಂದು ಗ್ಲೂಕೋಸ್ ಕೂರುತ್ತದೆ. ಮೂವರೂ ಕೂತಾಗ ಬಾಗಿಲು ಒಳಮುಖವಾಗಿ ತೆರೆದು ಮೂವರನ್ನೂ ಕೋಶದೊಳಗೆ ಬಿಡುತ್ತದೆ. ಗ್ಲೂಕೋಸ್ ಇಲ್ಲದೆ ಸೋಡಿಯಂ ಮಾತ್ರ ಬಂದರೆ ಈ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೊತೆಜೊತೆಯಾಗಿ ಸಾಗುತ್ತವೆ ಎಂಬ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನ ಸಭೆಯೊಂದರಲ್ಲಿ ಮಂಡಿಸಿದರು. ಆ ಪ್ರೋಟೀನಿನ ಜೀನ್ ಕೈಗೆ ಸಿಕ್ಕಿದ್ದು 1987ರಲ್ಲಿ.

ಬಾಗಿಲು ತಿರುಗಲು ಬೇಕಾದ ಬಲ ಬರುವುದು ಕೋಶದ ಇನ್ನೊಂದು ಮಗ್ಗುಲಿನಿಂದ. ರಕ್ತದ ಕಡೆಗಿರುವ ಪೊರೆಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪು ಕೂತಿದೆ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಒಂದು ಅಣುವನ್ನು ಖರ್ಚು ಮಾಡಿ ಅದು 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಹೀಗೆ ಕೋಶದೊಳಗೆ ಸೋಡಿಯಂ ಸದಾ ಕಡಿಮೆ, ಲೀಟರಿಗೆ ಸುಮಾರು 15 ಮಿಲಿಮೋಲ್ (ಕಣಗಳ ಸಂಖ್ಯೆಯನ್ನು ಎಣಿಸುವ ಅಳತೆ). ಹೊರಗೆ ಸುಮಾರು 140. ಆದ್ದರಿಂದಲೇ ಮೇಲ್ಭಾಗದಲ್ಲಿ ಸೋಡಿಯಂ ಒಳನುಗ್ಗಲು ಕಾಯುತ್ತಿರುತ್ತದೆ, ಗ್ಲೂಕೋಸನ್ನೂ ಕೈಹಿಡಿದು ಎಳೆದುಕೊಂಡು ಬರುತ್ತದೆ. ಒಳಗೆ ಬಂದ ಸೋಡಿಯಂ ಪಂಪಿನ ಮೂಲಕ, ಗ್ಲೂಕೋಸ್ ಜಿಎಲ್‌ಯುಟಿ2 ಎಂಬ ಇನ್ನೊಂದು ದ್ವಾರದ ಮೂಲಕ ರಕ್ತದ ಕಡೆಗೆ ಹೋಗುತ್ತವೆ. ಕಣಗಳು ಆ ಬದಿಗೆ ಸೇರಿದ ಮೇಲೆ ನೀರು ಹಿಂಬಾಲಿಸುತ್ತದೆ. ಆ ನೀರು ಎಸ್‌ಜಿಎಲ್‌ಟಿ1ರ ಒಳಗಿಂದಲೇ ಎಷ್ಟು ಹೋಗುತ್ತದೆ, ಕೋಶಗಳ ನಡುವಿನ ಸಂದಿನಿಂದ ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ. ಮಗುವಿಗೆ ಅದರಿಂದ ವ್ಯತ್ಯಾಸವೇನಿಲ್ಲ.

ಈ ಬಾಗಿಲು ಎಷ್ಟು ಮುಖ್ಯ ಎಂಬುದಕ್ಕೆ ಪ್ರಕೃತಿಯೇ ಮಾಡಿದ ಒಂದು ಪ್ರಯೋಗವಿದೆ. ಅಪರೂಪಕ್ಕೆ ಕೆಲವು ಶಿಶುಗಳು ಎಸ್‌ಜಿಎಲ್‌ಟಿ1 ಕೆಟ್ಟ ಸ್ಥಿತಿಯಲ್ಲೇ ಹುಟ್ಟುತ್ತವೆ. ಹಾಲು ಕುಡಿದ ಕೂಡಲೇ ತೀವ್ರ ಭೇದಿ. ಗ್ಲೂಕೋಸ್ ಇರುವ ಓಆರ್‌ಎಸ್ ಕೊಟ್ಟರೆ ಇನ್ನೂ ಜಾಸ್ತಿ. ಫ್ರಕ್ಟೋಸ್ ಇರುವ ಆಹಾರಕ್ಕೆ ಬದಲಿಸಿದರೆ ನಿಲ್ಲುತ್ತದೆ, ಏಕೆಂದರೆ ಫ್ರಕ್ಟೋಸಿನ ಬಾಗಿಲೇ ಬೇರೆ: ಜಿಎಲ್‌ಯುಟಿ5. ಆ ಬಾಗಿಲಿಗೆ ಸೋಡಿಯಂ ಬೇಡ, ಅದು ಸೋಡಿಯಂ ತರುವುದೂ ಇಲ್ಲ. ಫ್ರಕ್ಟೋಸ್ ಎಂದರೆ ಹಣ್ಣಿನ ಸಕ್ಕರೆ. ಇದನ್ನು ನೆನಪಿಟ್ಟುಕೊಳ್ಳಿ, ಟೆಟ್ರಾ ಪ್ಯಾಕಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕಾಲರಾ ಕೆಡಿಸಿದ್ದು, ಬಿಟ್ಟುಹೋದದ್ದು

ಆರೋಗ್ಯವಂತ ದೊಡ್ಡವರ ಕರುಳಿಗೆ ದಿನಕ್ಕೆ 8ರಿಂದ 9 ಲೀಟರ್ ದ್ರವ ಬರುತ್ತದೆ. ಕುಡಿದದ್ದು, ತಿಂದದ್ದು ಅದರಲ್ಲಿ 2 ಲೀಟರ್ ಮಾತ್ರ, ಉಳಿದದ್ದು ಜೊಲ್ಲು, ಜಠರರಸ, ಪಿತ್ತ ಇತ್ಯಾದಿ. ಇಷ್ಟೂ ಮತ್ತೆ ಹೀರಿಕೆಯಾಗಿ ಮಲದಲ್ಲಿ ಹೋಗುವುದು 100-200 ಮಿ.ಲೀ. ಈ ಹೀರಿಕೆಯ ಲೆಕ್ಕ ಸ್ವಲ್ಪ ತಪ್ಪಿದರೂ ಭೇದಿ.

ಕಾಲರಾ ವಿಷ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತವನ್ನು ವಿಪರೀತ ಏರಿಸುತ್ತದೆ. ಆಗ ಕ್ಲೋರೈಡ್ ಕಾಲುವೆಗಳು ತೆರೆದುಕೊಂಡು ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ, ಹಿಂದೆಯೇ ಸೋಡಿಯಂ, ಅದರ ಹಿಂದೆ ನೀರು. ಉಪ್ಪನ್ನು ಹೀರುವ ಮಾಮೂಲಿ ದಾರಿಯೂ ಮುಚ್ಚಿಕೊಳ್ಳುತ್ತದೆ. ಆದರೆ ಎಸ್‌ಜಿಎಲ್‌ಟಿ1 ಮಾತ್ರ ಏನೂ ಆಗದವರಂತೆ ಕೆಲಸ ಮಾಡುತ್ತಿರುತ್ತದೆ. ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಹೋಗುತ್ತಿರುವಾಗಲೂ ಈ ಒಂದು ದಾರಿಯಿಂದ ನೀರನ್ನು ಹಿಂದಕ್ಕೆ ತರಬಹುದು. ಭೇದಿ ತಕ್ಷಣ ನಿಲ್ಲುವುದಿಲ್ಲ, ಜೀವ ಉಳಿಯುತ್ತದೆ.

1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳಲ್ಲಿ ತೋರಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿ, ಮನೆಯವರಿಂದಲೇ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ತಡವಾಯಿತು ಎನ್ನದೆ ವಿಧಿಯಿಲ್ಲ.

245 ಎಂಬ ಸಂಖ್ಯೆ ಎಲ್ಲಿಂದ ಬಂತು

2002ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ. ಕಣಗಳ ಲೆಕ್ಕಕ್ಕೆ ಬದಲಿಸಿದರೆ ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10. ಕೂಡಿಸಿ: 245.

ಬಾಗಿಲಿಗೆ ಎರಡು ಸೋಡಿಯಂಗೆ ಒಂದು ಗ್ಲೂಕೋಸ್ ಸಾಕಾದರೆ, ಸೂತ್ರದಲ್ಲಿ ಸಮಸಮ ಯಾಕೆ? ಸೋಡಿಯಂ ಕುಡಿದ ದ್ರವದಿಂದಷ್ಟೇ ಬರುವುದಿಲ್ಲ, ರಕ್ತದಿಂದ ಕೋಶಗಳ ಸಂದಿನ ಮೂಲಕವೂ ಕರುಳಿಗೆ ಜಿನುಗುತ್ತದೆ. ಗ್ಲೂಕೋಸ್ ಬರುವುದು ಲೋಟದಿಂದ ಮಾತ್ರ. ಅದಕ್ಕೇ ಗ್ಲೂಕೋಸ್ ಸೋಡಿಯಂನಷ್ಟಾದರೂ ಇರಬೇಕು.

ರಕ್ತದ ಸಾಂದ್ರತೆ ಇದೇ ಅಳತೆಯಲ್ಲಿ ಸುಮಾರು 290. ಹಿಂದಿನ ಸೂತ್ರ 311ರದ್ದಾಗಿತ್ತು, ಸೋಡಿಯಂ 90, ಗ್ಲೂಕೋಸ್ 111. ಅಂದರೆ ರಕ್ತಕ್ಕಿಂತ ತುಸು ಗಟ್ಟಿ. ಅದನ್ನು 245ಕ್ಕೆ ಇಳಿಸಿದಾಗ ಮಕ್ಕಳಲ್ಲಿ ಭೇದಿಯ ಪ್ರಮಾಣ ಸುಮಾರು 20%, ವಾಂತಿ ಸುಮಾರು 30%, ಡ್ರಿಪ್ ಹಾಕಬೇಕಾದ ಪ್ರಸಂಗ 33% ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿತು. ಗಮನಿಸಿ, ಹಳೆಯದೂ ಒಳ್ಳೆಯ ಓಆರ್‌ಎಸ್ಸೇ, ಕೋಟ್ಯಂತರ ಜನರಿಗೆ ಕೊಟ್ಟದ್ದು. ಅಷ್ಟು ಸಣ್ಣ ಬದಲಾವಣೆಗೆ ಕರುಳು ಇಷ್ಟು ಸ್ಪಂದಿಸಿತು. ‘ಪ್ರಮಾಣ ಸ್ವಲ್ಪ ಆಚೀಚೆಯಾದರೆ ಏನಂತೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಸಿಹಿ ಹೆಚ್ಚಾದರೆ

100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಇರುವ ಒಂದು ಪಾನೀಯ ತೆಗೆದುಕೊಳ್ಳೋಣ. ಸಿಹಿ ಪಾನೀಯಗಳಲ್ಲಿ ಇದು ಅಪರೂಪವಲ್ಲ. ಸೂತ್ರದ ಓಆರ್‌ಎಸ್‌ನಲ್ಲಿ ಇರುವುದು 1.35 ಗ್ರಾಂ. ಲೀಟರಿಗೆ 100 ಗ್ರಾಂ ಸಕ್ಕರೆ ಎಂದರೆ ಸುಮಾರು 292 ಮಿಲಿಮೋಲ್. ಕರುಳಿನ ಅಂಚಿನಲ್ಲಿರುವ ಕಿಣ್ವ ಸಕ್ಕರೆಯ ಪ್ರತಿ ಅಣುವನ್ನೂ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕಣ ದುಪ್ಪಟ್ಟು: 585.

ಒಂದು ಲೋಟ, 200 ಮಿ.ಲೀ., ಹೀಗೆ ಒಡೆದು ಹೀರಿಕೆಯಾಗದೆ ಕರುಳಲ್ಲೇ ನಿಂತಿತು ಎನ್ನಿ. ಅದು ರಕ್ತದ 290ಕ್ಕೆ ಸಮನಾಗುವವರೆಗೆ ನೀರು ರಕ್ತದಿಂದ ಕರುಳಿಗೆ ಬರುತ್ತದೆ. ಲೆಕ್ಕ ಹಾಕಿದರೆ ಇನ್ನೂ ಸುಮಾರು 200 ಮಿ.ಲೀ. ಬೇಕು. ಒಂದು ಲೋಟ ಕುಡಿಸಿದ್ದಕ್ಕೆ ಮೈಯಿಂದ ಒಂದು ಲೋಟ ನೀರು ಕರುಳಿಗೆ ಹೋದಂತಾಯಿತು. ಇದು ಅತಿರೇಕದ ಲೆಕ್ಕ ಎಂಬುದೂ ಹೌದು. ಆರೋಗ್ಯವಂತರಲ್ಲಿ ಸಕ್ಕರೆ ಬೇಗ ಹೀರಿಕೆಯಾಗಿ ನೀರೂ ವಾಪಸ್ ಹೋಗುತ್ತದೆ. ಬಿಸಿಲಲ್ಲಿ ಆಡಿ ಬಂದ ಹುಡುಗ ಇಂಥ ಪಾನೀಯ ಕುಡಿದರೆ ನಿರ್ಜಲೀಕರಣವಾಗುವುದಿಲ್ಲ.

ಭೇದಿಯ ಕರುಳು ಬೇರೆ. ರೋಟಾವೈರಸ್‌ನಂಥ ಸೋಂಕಿನಲ್ಲಿ ಕರುಳಿನ ಬೆರಳಿನಾಕಾರದ ವಿಲ್ಲೈಗಳ ತುದಿಯೇ ಉದುರುತ್ತದೆ. ಸಕ್ಕರೆ ಒಡೆಯುವ ಕಿಣ್ವ ಇರುವುದು ಅಲ್ಲೇ, ಹೀರುವ ಬಾಗಿಲುಗಳು ಇರುವುದೂ ಅಲ್ಲೇ. ಒಡೆಯದ ಸಕ್ಕರೆ ದೊಡ್ಡಕರುಳಿಗೆ ಜಾರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಸಣ್ಣ ಸಣ್ಣ ಆಮ್ಲಗಳಾಗಿ ತುಂಡರಿಸುತ್ತವೆ, ಕಣಗಳ ಸಂಖ್ಯೆ ಏರುತ್ತದೆ, ನೀರು ಸೇರುತ್ತದೆ. ಮಗುವಿನ ಹೊಟ್ಟೆ ಉಬ್ಬರ, ಗುಡುಗುಡು, ಹುಳಿ ವಾಸನೆಯ ನೀರು ಭೇದಿ, ಗುದದ ಸುತ್ತ ಕೆಂಪಾದ ಚರ್ಮ. ಒಡೆದದ್ದರಲ್ಲೂ ಅರ್ಧ ಫ್ರಕ್ಟೋಸ್, ಸೋಡಿಯಂ ಬಾಗಿಲಿಗೆ ಅದರಿಂದ ಉಪಯೋಗವಿಲ್ಲ.

ಇಂಥ ಪಾನೀಯಗಳ ಇನ್ನೊಂದು ಕೊರತೆ ಸೋಡಿಯಂ. ಸೂತ್ರದ ಪ್ರಕಾರ 100 ಮಿ.ಲೀ.ಗೆ ಸುಮಾರು 172 ಮಿಲಿಗ್ರಾಂ ಇರಬೇಕು. ಅಷ್ಟು ಉಪ್ಪಿದ್ದರೆ ಹಣ್ಣಿನ ರುಚಿ ಉಳಿಯುವುದಿಲ್ಲ, ಮಗು ಎರಡನೇ ಗುಟುಕು ಕುಡಿಯುವುದಿಲ್ಲ. ರುಚಿಗಾಗಿ ಉಪ್ಪು ಇಳಿಸಿ ಸಕ್ಕರೆ ಏರಿಸಿದಾಗ ಬಾಗಿಲಿಗೆ ಬೇಕಾದ ಜೋಡಿಯೇ ತಪ್ಪಿಹೋಗುತ್ತದೆ.

ಎರಡು ಕಡೆಯ ವಾದ

ಕಂಪನಿಗಳ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪ್ರಾಧಿಕಾರವೇ ಲಿಖಿತವಾಗಿ ಒಪ್ಪಿದ ಲೇಬಲ್, ನೋಂದಾಯಿತ ಟ್ರೇಡ್‌ಮಾರ್ಕ್, ಅಂಗಡಿಗಳಲ್ಲಿ ಈಗಾಗಲೇ ತುಂಬಿದ ದಾಸ್ತಾನು. ನಮ್ಮ ಮಾತು ಕೇಳದೆ ರಾತ್ರೋರಾತ್ರಿ ಬದಲಿಸಿದರೆ ಹೇಗೆ ಎಂಬುದು ಒಂದು. ಈ ಪಾನೀಯ ದಣಿವಿಗೆ, ಬೆವರಿಗೆ. ಭೇದಿಗೆ ಔಷಧಿ ಎಂದು ನಾವೆಲ್ಲೂ ಹೇಳಿಲ್ಲ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹುರುಳಿದೆ: ತಪ್ಪು ಶುರುವಾದದ್ದು ಅನುಮತಿ ಕೊಟ್ಟ ಕಡೆಯಿಂದ. ಎರಡನೆಯದು ನಿಲ್ಲುವುದಿಲ್ಲ. ಭೇದಿಗೆ ಅಲ್ಲವಾದರೆ ಭೇದಿಯ ಔಷಧಿಯ ಹೆಸರೇ ಯಾಕೆ ಬೇಕಿತ್ತು?

ವೈದ್ಯರ ಕಡೆಯವರು ಹೇಳುವುದು ಇಷ್ಟು: ಓಆರ್‌ಎಸ್ ಎಂಬುದು ದಶಕಗಳ ಕಾಲ ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಗೋಡೆಬರಹಗಳ ಮೂಲಕ ಜನರ ಬಾಯಿಗೆ ಬಂದ ಪದ. ಆ ನಂಬಿಕೆಯನ್ನು ಗಳಿಸಿದ್ದು ಸರ್ಕಾರದ ದುಡ್ಡು ಮತ್ತು ದುಡಿಮೆ. ಇಂಗ್ಲಿಷಿನ ಒಂದು ಸಣ್ಣ ಸಾಲು ಆ ನಂಬಿಕೆಯನ್ನು ಅಳಿಸಲಾರದು. ಪ್ರಾಧಿಕಾರವೂ ಈಗ ಇದನ್ನು 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ದಾರಿ ತಪ್ಪಿಸುವ ಲೇಬಲ್ ಎಂದೇ ನೋಡುತ್ತಿದೆ.

ಹೆಸರು ಬದಲಾದ ಮೇಲೆ

ಪಾನೀಯಗಳು ಮಾಯವಾಗುವುದಿಲ್ಲ, ಹೆಸರು ಬದಲಿಸಿ ಅದೇ ಶೆಲ್ಫಿಗೆ ಬರುತ್ತವೆ. ಅದೇ ಬಣ್ಣ, ಅದೇ ಹಣ್ಣಿನ ಚಿತ್ರ, ‘ಎಲೆಕ್ಟ್ರೊಲೈಟ್’ ಎಂಬ ಪದ. ಎಲೆಕ್ಟ್ರೊಲೈಟ್ ಎಂದರೆ ಕರಗಿದ ಲವಣ ಎಂದಷ್ಟೇ, ಎಷ್ಟು ಎಂದಲ್ಲ. ಕೊಳ್ಳುವವರು ಹೆಸರು ಬಿಟ್ಟು ಲೇಬಲ್ ಓದಬೇಕಾದ ದಿನ ಬರುತ್ತಿದೆ. ಅಂಗಡಿಯವರಿಗೂ ಕಷ್ಟವಿದೆ: ನಾಲ್ಕೈದು ರೂಪಾಯಿ ಲಾಭದ ಪುಡಿ ಪೊಟ್ಟಣಕ್ಕಿಂತ ಟೆಟ್ರಾ ಪ್ಯಾಕ್ ಮುಂದೆ ಸರಿಸುವುದೇ ಅವರಿಗೆ ಲಾಭ.

ಇನ್ನೊಂದು ಅಪಾಯ ತದ್ವಿರುದ್ಧ ದಿಕ್ಕಿನದು. ಪೊಟ್ಟಣಕ್ಕೆ ಮರಳಿದವರು ಕಲಸುವಾಗ ತಪ್ಪುತ್ತಾರೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಸಾಂದ್ರತೆ ಐದು ಪಟ್ಟು, ಸೋಡಿಯಂ ಲೀಟರಿಗೆ 375 ಮಿಲಿಮೋಲ್. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿನ ಕೋಶಗಳಿಂದ ನೀರು ಹೊರಬರುತ್ತದೆ, ಮಗುವಿಗೆ ಫಿಟ್ಸ್ ಬರಬಹುದು. ಅರ್ಧ ಪೊಟ್ಟಣ ಇವತ್ತು, ಅರ್ಧ ನಾಳೆ ಎಂದರೂ ತಪ್ಪು. ಪುಡಿಯಲ್ಲಿ ನಾಲ್ಕು ಬಗೆ ಕಣಗಳಿದ್ದು ಅವು ಸಮನಾಗಿ ಹಂಚಿರುವ ಖಾತರಿಯಿಲ್ಲ. ಕಡಿಮೆ ಬೇಕಿದ್ದರೆ 200 ಮಿ.ಲೀ.ಗೆಂದೇ ಸುಮಾರು 4 ಗ್ರಾಮಿನ ಪುಟ್ಟ ಪೊಟ್ಟಣ ಸಿಗುತ್ತದೆ. ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು, ಕಲಸಿದ ಮೇಲೆ ಕುದಿಸಬಾರದು, ಹಾಲು, ಜ್ಯೂಸ್, ಗ್ಲೂಕೋಸ್ ಪುಡಿ ಯಾವುದನ್ನೂ ಸೇರಿಸಬಾರದು, 24 ಗಂಟೆ ಕಳೆದರೆ ಚೆಲ್ಲಬೇಕು.

ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕೂ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಚಮಚದಲ್ಲಿ, ನಿಧಾನವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನವಾಗಿ. ಜೊತೆಗೆ 14 ದಿನ ಝಿಂಕ್: 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟು 20. ಎದೆಹಾಲು, ಊಟ ನಿಲ್ಲಿಸಬಾರದು. ಮಗು ಮಂಕಾಗಿ ಬಿದ್ದುಕೊಂಡಿದ್ದರೆ, ಕುಡಿಯಲಾರದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತವಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ.

ಪೊಟ್ಟಣ ಸಿಗದ ಹೊತ್ತಿಗೆ ಒಂದು ಲೀಟರ್ ನೀರಿಗೆ ತಲೆಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದರಲ್ಲಿ ಪೊಟ್ಯಾಸಿಯಂ, ಸಿಟ್ರೇಟ್ ಇಲ್ಲ, ಸೋಡಿಯಂ ತುಸು ಕಡಿಮೆ. ಆದರೂ ಜೋಡಿ ಇದೆ. ಉಪ್ಪು ಹಾಕಿದ ಅಕ್ಕಿ ಗಂಜಿಯೂ ಒಳ್ಳೆಯದೇ. ಪಿಷ್ಟದ ಒಂದು ದೊಡ್ಡ ಅಣು ಅಭಿಸರಣದ ಲೆಕ್ಕದಲ್ಲಿ ಒಂದೇ ಕಣ, ಕರುಳಲ್ಲಿ ನಿಧಾನವಾಗಿ ಒಡೆಯುತ್ತ ಗ್ಲೂಕೋಸ್ ಬಿಡುತ್ತ ಹೋಗುತ್ತದೆ, ಫ್ರಕ್ಟೋಸಿನ ಕಾಟವಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಸಾಲದು. ಓಆರ್‌ಎಸ್ ಜೊತೆಗೆ ಕೊಡಬಹುದು, ಬದಲಿಗಲ್ಲ.

ಅಂಗಡಿಯಲ್ಲಿ ನಿಂತಾಗ ಗುರುತಿಸಲು ಒಂದು ಸುಲಭ ದಾರಿ ಇದೆ. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಲೋಗೊ ಮತ್ತು 14 ಅಂಕಿಗಳ ಲೈಸೆನ್ಸ್ ಸಂಖ್ಯೆ ಇದ್ದರೆ ಅದು ಆಹಾರ. ‘ಓರಲ್ ರೀಹೈಡ್ರೇಷನ್ ಸಾಲ್ಟ್ಸ್’ ಎಂದು ಬರೆದು ಪಕ್ಕದಲ್ಲಿ ‘ಐಪಿ’ (ಇಂಡಿಯನ್ ಫಾರ್ಮಾಕೊಪಿಯಾ, ಔಷಧಿಗಳ ಗುಣಮಟ್ಟದ ಅಧಿಕೃತ ಪುಸ್ತಕ) ಎಂದಿದ್ದು, ಔಷಧಿ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇದ್ದರೆ ಅದು ಔಷಧಿ. ಅದರ ಕೆಳಗೆ ಗ್ಲೂಕೋಸ್ 13.5, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಎಂದು ಗ್ರಾಂಗಳಲ್ಲಿ ಅಚ್ಚಾಗಿರುತ್ತದೆ. ಪುಟ್ಟ ಪೊಟ್ಟಣವಾದರೆ ಪ್ರತಿಯೊಂದೂ ಇದರ ಐದನೇ ಒಂದು ಪಾಲು.